ಮೋಸೆಲ್, ಲ್ವಾರ್, ವಾಖಾವ್: ಸೈಕಲ್ ಪ್ರವಾಸಕ್ಕೆ ಯಾವ ಕಣಿವೆ?

ನದಿಯ ಪಕ್ಕದಲ್ಲೇ ಸೈಕಲ್ ತುಳಿಯಬೇಕು, ಎರಡೂ ಕಡೆ ದ್ರಾಕ್ಷಿ ತೋಟ ಇರಬೇಕು, ಸಂಜೆ ಕೋಟೆಯ ಬುಡದ ಊರಿನಲ್ಲಿ ತಂಗಬೇಕು. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಯೂರೋಪಿನ ನಕ್ಷೆ ಬಿಚ್ಚಿದವರು ಸಾಮಾನ್ಯವಾಗಿ ಮೂರು ಹೆಸರುಗಳ ಹತ್ತಿರ ಬಂದು ನಿಲ್ಲುತ್ತಾರೆ: ಜರ್ಮನಿಯ ಮೋಸೆಲ್, ಫ್ರಾನ್ಸಿನ ಲ್ವಾರ್, ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ದಂಡೆಯ ವಾಖಾವ್. ಫೋಟೊದಲ್ಲಿ ಮೂರೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಸೈಕಲ್ ಹತ್ತಿದ ಮೇಲೆ ಮೂರರ ಸ್ವಭಾವವೂ ಬೇರೆ ಎಂದು ಮೊದಲ ದಿನವೇ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ರೂಮು, ಸೈಕಲ್, ಟಿಕೆಟ್ ಎಲ್ಲ ಬುಕ್ ಆಗಿರುತ್ತವೆ. ಆದ್ದರಿಂದ ವ್ಯತ್ಯಾಸವನ್ನು ಹೊರಡುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಯಾವುದನ್ನು ಅಳೆಯಬೇಕು

ಏರು ಎಷ್ಟಿದೆ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಇಲ್ಲಿ ಆ ಪ್ರಶ್ನೆಗೆ ಹೆಚ್ಚು ಬೆಲೆ ಇಲ್ಲ. ಮೂರೂ ದಾರಿಗಳು ನೀರಿನ ಮಟ್ಟದಲ್ಲೇ ಸಾಗುತ್ತವೆ, ಬೆಟ್ಟ ಹತ್ತುವುದು ನೀವಾಗಿ ಬಯಸಿದರೆ ಮಾತ್ರ. ಆಯ್ಕೆಯನ್ನು ನಿಜವಾಗಿ ತೀರ್ಮಾನಿಸುವುದು ಬೇರೆ ನಾಲ್ಕು ಸಂಗತಿಗಳು.

ಮೊದಲನೆಯದು, ಕೋಟೆ ದಿನದ ಎಷ್ಟು ಗಂಟೆ ತಿನ್ನುತ್ತದೆ ಎಂಬುದು. ಕೆಳಗಿನಿಂದ ತಲೆಯೆತ್ತಿ ನೋಡಿ ಮುಂದೆ ಹೋಗುವ ಕೋಟೆ ಬೇರೆ, ಟಿಕೆಟ್ ತೆಗೆದುಕೊಂಡು ಮೂರು ಗಂಟೆ ಒಳಗೆ ತಿರುಗುವ ಅರಮನೆ ಬೇರೆ. ದಿನಕ್ಕೆ ಎಷ್ಟು ಕಿಲೋಮೀಟರ್ ಸಾಧ್ಯ ಎನ್ನುವುದು ಕಾಲಿನ ಶಕ್ತಿಗಿಂತ ಹೆಚ್ಚಾಗಿ ಇದರ ಮೇಲೆಯೇ ನಿಂತಿದೆ. ಎರಡನೆಯದು ಗಾಳಿ. ಸಮತಟ್ಟು ದಾರಿಯಲ್ಲಿ ಎದುರುಗಾಳಿಯೇ ಏರು. ಮೂರನೆಯದು, ಮಳೆ ಹಿಡಿದರೆ, ಮಂಡಿ ನೋವು ಬಂದರೆ, ಚಕ್ರದ ಕಡ್ಡಿ ಮುರಿದರೆ ಹತ್ತಿರದಲ್ಲಿ ರೈಲು ಇದೆಯೇ ಎಂಬುದು. ನಾಲ್ಕನೆಯದು ರಾತ್ರಿಯ ಖರ್ಚು. ಇಂಥ ಪ್ರವಾಸದಲ್ಲಿ ಜೇಬಿಗೆ ಭಾರವಾಗುವುದು ಸೈಕಲ್ ಬಾಡಿಗೆ ಅಲ್ಲ, ರೂಮು.

ದಿನದ ಲೆಕ್ಕ ಹೀಗೆ ಹಾಕಿಕೊಳ್ಳಿ. ಎರಡು ಚೀಲ ಹೇರಿದ ಸೈಕಲ್ಲಿನಲ್ಲಿ ಅಭ್ಯಾಸ ಕಡಿಮೆ ಇರುವವರ ಸರಾಸರಿ ಗಂಟೆಗೆ 12ರಿಂದ 15 ಕಿಲೋಮೀಟರ್. 45 ಕಿಲೋಮೀಟರ್ ಎಂದರೆ ಮೂರರಿಂದ ಮೂರೂಮುಕ್ಕಾಲು ಗಂಟೆ ತುಳಿತ. ಊಟ, ಫೋಟೊ, ದಾರಿ ತಪ್ಪುವುದು, ದೋಣಿಗೆ ಕಾಯುವುದು ಸೇರಿದರೆ ಆರು ಗಂಟೆ. ಮೊದಲ ದಿನವೇ 80 ಕಿಲೋಮೀಟರ್ ಇಟ್ಟುಕೊಂಡರೆ ಎರಡನೆಯ ದಿನ ಸೀಟಿನ ಮೇಲೆ ಕೂರಲು ಆಗುವುದಿಲ್ಲ. ಮೊದಲೆರಡು ದಿನ 40 ದಾಟಬೇಡಿ.

ಮೋಸೆಲ್: ದ್ರಾಕ್ಷಿ ತೀರ ಹತ್ತಿರ, ಖರ್ಚು ಹಿಡಿತದಲ್ಲಿ

ಟ್ರಿಯರ್‌ನಿಂದ ಕೋಬ್ಲೆಂಟ್ಸ್‌ವರೆಗೆ ನದಿಯ ಗುಂಟ ಸುಮಾರು 190 ಕಿಲೋಮೀಟರ್. ಮೋಸೆಲ್ ಇಲ್ಲಿ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತದೆ. ಬೆರ್ನ್‌ಕಾಸ್ಟೆಲ್-ಕೂಸ್‌ನಿಂದ ಟ್ರಾಬೆನ್-ಟ್ರಾರ್ಬಾಖ್‌ಗೆ ನದಿಯ ದಾರಿ 24 ಕಿಲೋಮೀಟರ್, ಗುಡ್ಡ ಅಡ್ಡ ದಾಟಿದರೆ ಅದರ ಮೂರನೆಯ ಒಂದು ಭಾಗವೂ ಇಲ್ಲ. ನಕ್ಷೆಯಲ್ಲಿ ಹತ್ತಿರ ಕಂಡ ಊರು ತುಳಿಯುವಾಗ ದೂರವಾಗುವುದು ಇದರಿಂದ. ದೂರವನ್ನು ಯಾವಾಗಲೂ ನದಿಯ ಗುಂಟವೇ ಎಣಿಸಿ: ಟ್ರಿಯರ್‌ನಿಂದ ಬೆರ್ನ್‌ಕಾಸ್ಟೆಲ್ 62, ಅಲ್ಲಿಂದ ಟ್ರಾಬೆನ್-ಟ್ರಾರ್ಬಾಖ್ 24, ಮುಂದೆ ತ್ಸೆಲ್ 18, ಕೋಖೆಮ್ 37, ಕೋಬ್ಲೆಂಟ್ಸ್ 51. ಐದು ದಿನಕ್ಕೆ ಹಿತವಾಗಿ ಹೊಂದುತ್ತದೆ. ಮೊದಲ 62 ಕಿಲೋಮೀಟರನ್ನು ನೊಯ್ಮಾಗೆನ್ ಹತ್ತಿರ ತಂಗಿ ಎರಡು ದಿನ ಮಾಡಿಕೊಂಡರೆ ಆರು ದಿನ.

ದಾರಿ ಬಹುಪಾಲು ಡಾಂಬರು. ಮೇಲ್ಭಾಗದಲ್ಲಿ, ಅಂದರೆ ಟ್ರಿಯರ್‌ನಿಂದ ತ್ಸೆಲ್‌ವರೆಗೆ, ಸೈಕಲ್ ದಾರಿ ತೋಟಗಳ ಅಂಚಿನಲ್ಲೇ ಹಾದುಹೋಗುತ್ತದೆ. ಬೇರೆಲ್ಲೂ ದ್ರಾಕ್ಷಿ ಬಳ್ಳಿ ಇಷ್ಟು ಹತ್ತಿರ ಸಿಗುವುದಿಲ್ಲ. ನಂದಿ ಬೆಟ್ಟದ ಸುತ್ತಿನ ಚಪ್ಪರದ ದ್ರಾಕ್ಷಿ ನೋಡಿದವರು ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಕಡಿದಾದ ಇಳಿಜಾರಿನಲ್ಲಿ ತಂತಿ ಎಳೆಯಲಾಗದ ಕಡೆ ಒಂದೊಂದು ಬಳ್ಳಿಗೂ ಒಂದೊಂದು ಗೂಟ. ಬಳ್ಳಿಯ ಎರಡು ಕವಲುಗಳನ್ನು ಎಡಕ್ಕೊಂದು ಬಲಕ್ಕೊಂದು ಬಾಗಿಸಿ ಅದೇ ಗೂಟಕ್ಕೆ ಕಟ್ಟಿರುತ್ತಾರೆ, ಹೃದಯದ ಆಕಾರ ಬರುವಂತೆ. ಕಾಲಡಿ ಮಣ್ಣಿಗಿಂತ ಕಪ್ಪು ಪದರಗಲ್ಲಿನ ಚೂರುಗಳೇ ಹೆಚ್ಚು. ಹಗಲು ಕಾದ ಆ ಕಲ್ಲು ರಾತ್ರಿ ಬಳ್ಳಿಗೆ ಶಾಖ ಕೊಡುತ್ತದೆ. ಇಷ್ಟು ಉತ್ತರದ ಚಳಿಯಲ್ಲೂ ರೀಸ್ಲಿಂಗ್ ಎಂಬ ಬಿಳಿ ವೈನಿನ ದ್ರಾಕ್ಷಿ ಹಣ್ಣಾಗಲು ಅದು ಒಂದು ಮುಖ್ಯ ಕಾರಣ. ಬ್ರೆಮ್ ಊರಿನ ಮೇಲಿನ ಕಾಲ್ಮೊಂಟ್ ತೋಟ ಯೂರೋಪಿನ ಅತಿ ಕಡಿದಾದ ತೋಟಗಳಲ್ಲಿ ಒಂದು, ಕೆಲವೆಡೆ ಇಳಿಜಾರು 65 ಡಿಗ್ರಿ. ಅಲ್ಲಿ ಕೆಲಸ ಮಾಡುವವರು ಸಾಮಾನು ಸಾಗಿಸುವುದು ಹಳಿಯ ಮೇಲೆ ಏರುವ ಪುಟ್ಟ ಗಾಡಿಯಲ್ಲಿ.

ಕೋಟೆಗಳ ವಿಷಯದಲ್ಲಿ ಮೋಸೆಲ್ ನಿಮ್ಮ ಸಮಯ ಉಳಿಸುತ್ತದೆ. ಬಹಳಷ್ಟು ಪಾಳುಬಿದ್ದವು, ಗುಡ್ಡದ ನೆತ್ತಿಯಲ್ಲಿವೆ, ದಾರಿಯಿಂದಲೇ ಕಾಣುತ್ತವೆ. ಕೋಖೆಮ್ ಕೋಟೆಯನ್ನು 1689ರಲ್ಲಿ ಫ್ರೆಂಚ್ ಸೈನ್ಯ ಹಾಳುಗೆಡವಿತ್ತು. ಈಗ ಕಾಣುವುದು 19ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಹಳೆಯದನ್ನು ಹಳೆಯದಾಗಿಯೇ ನೋಡಬೇಕೆನ್ನುವವರು ಸಮಯವನ್ನು ಎಲ್ಟ್ಸ್ ಕೋಟೆಗೆ ಉಳಿಸಿಕೊಳ್ಳಿ. ಅದು ಯುದ್ಧಗಳಲ್ಲಿ ನಾಶವಾಗದೆ ಉಳಿದದ್ದು. ಆದರೆ ಸೈಕಲ್ ಏರಿಸಿಕೊಂಡು ಹೋಗುವ ಸಾಹಸ ಬೇಡ. ಮೋಸೆಲ್ಕೆರ್ನ್ ಊರಿನಲ್ಲಿ ಬೀಗ ಹಾಕಿಟ್ಟು, ತೊರೆಯ ಪಕ್ಕದ ಕಾಡುದಾರಿಯಲ್ಲಿ ನಡೆದು ಹೋಗಿ ಬನ್ನಿ. ಒಳಗೆ ನೋಡುವುದೂ ಸೇರಿ ಅರ್ಧ ದಿನ ಬೇಕು.

ಕೊರತೆಗಳೂ ಇವೆ. ಕೋಬ್ಲೆಂಟ್ಸ್‌ನಿಂದ ಬುಲ್ಲಾಯ್‌ವರೆಗೆ ರೈಲು ಬಹುಪಾಲು ನದಿಯ ಪಕ್ಕದಲ್ಲೇ ಓಡುತ್ತದೆ. ಬುಲ್ಲಾಯ್‌ನಿಂದ ಒಂದು ಕವಲು ಹಳಿ ಟ್ರಾಬೆನ್-ಟ್ರಾರ್ಬಾಖ್‌ಗೆ ಹೋಗಿ ನಿಲ್ಲುತ್ತದೆ, ಮುಖ್ಯ ಹಳಿ ಗುಡ್ಡದಾಚೆಗೆ ಹೊರಳಿ ಟ್ರಿಯರ್ ಸೇರುತ್ತದೆ. ಅಂದರೆ ಅತಿ ಚೆಂದದ ಮೇಲ್ಭಾಗದಲ್ಲಿ ಕೈಕೊಟ್ಟರೆ ರೈಲು ಪಕ್ಕದಲ್ಲಿಲ್ಲ, ಬಸ್ಸೇ ಗತಿ. ಬೇಸಿಗೆಯಲ್ಲಿ ಸೈಕಲ್ ಸಾಗಿಸುವ ಟ್ರೇಲರ್ ಕಟ್ಟಿದ ಬಸ್ಸುಗಳು ಓಡುತ್ತವೆ. ವಾರಾಂತ್ಯದಲ್ಲಿ ಜಾಗ ಮೊದಲೇ ಕಾಯ್ದಿರಿಸದಿದ್ದರೆ ಸಿಗುವುದು ಕಷ್ಟ. ಕೆಳಭಾಗದಲ್ಲಿ, ಕೋಖೆಮ್ ದಾಟಿದ ಮೇಲೆ, ತೊಂದರೆ ಬೇರೆ: ಕಣಿವೆ ಇಕ್ಕಟ್ಟಾಗಿ ಸೈಕಲ್ ದಾರಿ ಹಲವೆಡೆ ಹೆದ್ದಾರಿಗೆ ಅಂಟಿಕೊಂಡೇ ಸಾಗುತ್ತದೆ. ಕಾರುಗಳ ಸದ್ದು ಸಹಿಸದವರು ಕೋಖೆಮ್‌ನಲ್ಲೇ ಮುಗಿಸಿ ರೈಲು ಹತ್ತಲಿ.

ಖರ್ಚು ಅಂದಾಜಿಗೆ: ಇಬ್ಬರಿಗೆ ತಿಂಡಿ ಸೇರಿ ‘ಪೆನ್ಷನ್’ ಎಂದು ಕರೆಯುವ ಸಣ್ಣ ತಂಗುಮನೆಯಲ್ಲಿ ರಾತ್ರಿಗೆ 80ರಿಂದ 110 ಯೂರೊ. ದ್ರಾಕ್ಷಿ ಬೆಳೆಗಾರರೇ ಮನೆಯಲ್ಲಿ ಎರಡು ಮೂರು ರೂಮು ಇಟ್ಟಿರುತ್ತಾರೆ, ಅದೇ ಇಲ್ಲಿಯ ಒಳ್ಳೆಯ ತಂಗುದಾಣ. ಕೆಲವರು ಕಾರ್ಡು ತೆಗೆದುಕೊಳ್ಳುವುದಿಲ್ಲ. 150 ಯೂರೊ ನೋಟಿನಲ್ಲಿ ಇಟ್ಟುಕೊಂಡಿರಿ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸುಗ್ಗಿ ಕಾಲ. ಆಗ ಶನಿವಾರ ಒಂದೇ ರಾತ್ರಿಗೆ ರೂಮು ಕೊಡಲು ಹಿಂಜರಿಯುತ್ತಾರೆ. ಶುಕ್ರವಾರ, ಶನಿವಾರ ಎರಡೂ ರಾತ್ರಿ ಒಂದೇ ಕಡೆ ತಂಗಿ, ನಡುವಿನ ದಿನ ಚೀಲವಿಲ್ಲದೆ ಸುತ್ತಾಡಿ ಬರುವಂತೆ ಯೋಜಿಸಿದರೆ ಸಮಸ್ಯೆ ತೀರುತ್ತದೆ.

ಲ್ವಾರ್: ಅರಮನೆಗಳಿಗಾಗಿ ಹೋಗುವವರಿಗೆ

ಲ್ವಾರ್ ಸೈಕಲ್ ದಾರಿ ಒಟ್ಟು ಸುಮಾರು 900 ಕಿಲೋಮೀಟರ್. ನೆವೇರ್ ಪಟ್ಟಣದ ಹತ್ತಿರದಿಂದ ಅಟ್ಲಾಂಟಿಕ್ ಸಾಗರದವರೆಗೆ. ಅಷ್ಟೂ ಯಾರಿಗೂ ಬೇಕಿಲ್ಲ. ಅರಮನೆಗಳಿರುವುದು ಬ್ಲ್ವಾ ಮತ್ತು ಆಂಜೆ ನಡುವಿನ ಸುಮಾರು 220 ಕಿಲೋಮೀಟರಿನಲ್ಲಿ. ದೂರ ಮೋಸೆಲ್‌ಗಿಂತ ಸ್ವಲ್ಪವೇ ಹೆಚ್ಚು, ದಿನಗಳು ಮಾತ್ರ ಎರಡರಷ್ಟು ಬೇಕು.

ಶಾಂಬೋರ್ ಒಂದನ್ನೇ ತೆಗೆದುಕೊಳ್ಳಿ. 1519ರಲ್ಲಿ ಒಂದನೇ ಫ್ರಾನ್ಸ್ವಾ ಕಟ್ಟಿಸತೊಡಗಿದ ಬೇಟೆಯ ಅರಮನೆ, ನಾನೂರಕ್ಕೂ ಹೆಚ್ಚು ಕೋಣೆ. ನಡುವೆ ಒಂದಕ್ಕೊಂದು ಹೆಣೆದುಕೊಂಡ ಎರಡು ಸುರುಳಿ ಮೆಟ್ಟಿಲು. ಒಂದರಲ್ಲಿ ಹತ್ತುವವರು ಇನ್ನೊಂದರಲ್ಲಿ ಇಳಿಯುವವರನ್ನು ಕಿಂಡಿಗಳಲ್ಲಿ ನೋಡಬಹುದು, ಎದುರಾಗುವುದಿಲ್ಲ. ಅರಮನೆಯ ಕಾಡಿಗೆ ಸುತ್ತ 32 ಕಿಲೋಮೀಟರ್ ಗೋಡೆ. ಬ್ಲ್ವಾದಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರ್. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಹನ್ನೊಂದರೊಳಗೆ ತಲುಪಿ, ಒಳಗೆ ಮೂರು ಗಂಟೆ ಕಳೆದು, ಕಾಡಿನ ದಾರಿಯಲ್ಲಿ ಸ್ವಲ್ಪ ತುಳಿದು ಹಿಂದಿರುಗುವಷ್ಟರಲ್ಲಿ ದಿನ ಮುಗಿಯಿತು. ಮುಂದೆ ಶೋಮೋಂ, ಆಂಬ್ವಾಜ್, ವಿಲಾಂದ್ರಿಯ ತೋಟಗಳು, ಆಜೆ-ಲ-ರಿದೊ, ಉಸ್ಸೆ, ಸೊಮ್ಯೂರ್. ಆಂಬ್ವಾಜ್‌ನಲ್ಲಿ ಅರಮನೆಯ ಜೊತೆಗೆ ಕ್ಲೋ ಲ್ಯೂಸೆ ಮನೆಯೂ ಇದೆ. ಲಿಯೊನಾರ್ಡೊ ಡ ವಿಂಚಿ ಕೊನೆಯ ದಿನಗಳನ್ನು ಕಳೆದು 1519ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲೇ. ದಿನಕ್ಕೆ ಒಂದೇ ಅರಮನೆಯ ಒಳಗೆ ಹೋಗಿ, ಮತ್ತೊಂದನ್ನು ಹೊರಗಿನಿಂದ ನೋಡಿ, 35 ಕಿಲೋಮೀಟರ್ ತುಳಿಯಿರಿ. ದಿನಕ್ಕೆ ಎರಡರ ಒಳಗೆ ಹೋದವರಿಗೆ ನಾಲ್ಕನೆಯ ದಿನದ ಹೊತ್ತಿಗೆ ಯಾವ ಕೋಣೆ ಯಾವ ಅರಮನೆಯದು ಎಂದೇ ನೆನಪಿರುವುದಿಲ್ಲ. ಟಿಕೆಟ್ಟೂ ಹೆಚ್ಚಿನ ಕಡೆ ಒಂದೊಂದಕ್ಕೆ ಹತ್ತರಿಂದ ಇಪ್ಪತ್ತು ಯೂರೊ ಎಂದು ಲೆಕ್ಕ ಹಿಡಿಯಿರಿ. ನಾಲ್ಕು ಜನರ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ.

ನೀರಿನ ಮೇಲೆ ಕಮಾನುಗಳಲ್ಲಿ ನಿಂತ ಪ್ರಸಿದ್ಧ ಶೆನೊಂಸೊ ಅರಮನೆ ಇರುವುದು ಲ್ವಾರ್ ಮೇಲಲ್ಲ, ಶೇರ್ ನದಿಯ ಮೇಲೆ. ಮುಖ್ಯ ದಾರಿಯನ್ನು ಬಿಟ್ಟು ಹೋಗಬೇಕು. ತೂರ್ ಪಟ್ಟಣದಿಂದ ರೈಲಿನಲ್ಲಿ ಅರ್ಧ ಗಂಟೆ, ನಿಲ್ದಾಣ ಅರಮನೆಯ ಬಾಗಿಲಿನ ಹತ್ತಿರವೇ. ಸೈಕಲ್ಲಿಗೆ ಒಂದು ದಿನ ರಜೆ ಕೊಟ್ಟು ಹೋಗಿಬರುವುದು ಜಾಣತನ.

ಗಾಳಿಯ ವಿಷಯ ಇಲ್ಲೇ ಹೆಚ್ಚು ಮುಖ್ಯ. ಇಲ್ಲಿ ಗಾಳಿ ಹೆಚ್ಚಾಗಿ ಪಡುವಣದ ಕಡೆಯಿಂದ, ಸಾಗರದಿಂದ ಬೀಸುತ್ತದೆ. ಲ್ವಾರ್ ಹರಿಯುವುದೂ ಪಡುವಣಕ್ಕೆ. ನದಿ ಹರಿದಂತೆ ಹೋದರೆ ಸುಲಭ ಎಂದುಕೊಂಡು ಬ್ಲ್ವಾದಿಂದ ಆಂಜೆ ಕಡೆ ಹೊರಟವರಿಗೆ ದಿನವಿಡೀ ಮುಖಕ್ಕೆ ಗಾಳಿ. ದಾರಿ ಎತ್ತರದ ಮಣ್ಣಿನ ಏರಿಯ ಮೇಲೆ ಸಾಗುವ ಕಡೆ ತಡೆಯಲು ಮರವೂ ಇಲ್ಲ. ಆದ್ದರಿಂದ ಆಂಜೆಯಿಂದ ಶುರುಮಾಡಿ ಬ್ಲ್ವಾ ಕಡೆಗೆ, ನೀರಿಗೆ ಎದುರಾಗಿ ತುಳಿಯಿರಿ. ಏರು ಗೊತ್ತೇ ಆಗುವುದಿಲ್ಲ, ಬೆನ್ನಿಗೆ ಗಾಳಿ ಸಿಗುತ್ತದೆ. ಮೋಸೆಲ್‌ನಲ್ಲಿ ಟ್ರಿಯರ್‌ನಿಂದ ಕೋಬ್ಲೆಂಟ್ಸ್‌ಗೆ, ಡ್ಯಾನ್ಯೂಬಿನಲ್ಲಿ ಮೂಡಣಕ್ಕೆ ಹೋದರೆ ನೀರೂ ಗಾಳಿಯೂ ಹೆಚ್ಚಿನ ದಿನ ಒಂದೇ ದಿಕ್ಕು. ಲ್ವಾರ್ ಮಾತ್ರ ತಿರುಗುಮುರುಗು.

ದಾರಿ ಎಲ್ಲ ಕಡೆ ಪ್ರತ್ಯೇಕ ಸೈಕಲ್ ದಾರಿಯಲ್ಲ. ಅರ್ಧಕ್ಕರ್ಧ ವಾಹನ ಕಡಿಮೆ ಇರುವ ಹಳ್ಳಿ ರಸ್ತೆ, ಅಲ್ಲಲ್ಲಿ ಜಲ್ಲಿಪುಡಿ ಹಾಸಿದ ಹಾದಿ. 28 ಮಿಲಿಮೀಟರಿನ ಸಪೂರ ಟೈರು ಜಲ್ಲಿಯಲ್ಲಿ ಜಾರುತ್ತದೆ. 37ರಿಂದ 42 ಇರಲಿ. ಸೊಮ್ಯೂರ್ ಸುತ್ತಮುತ್ತ ಬಿಳಿ ಸುಣ್ಣಗಲ್ಲಿನ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ಮನೆ, ಅಣಬೆ ಬೆಳೆಯುವ ಕೋಣೆ, ವೈನ್ ನೆಲಮಾಳಿಗೆಗಳಿವೆ. ಆ ಕಲ್ಲನ್ನೇ ತೆಗೆದು ಅರಮನೆ ಕಟ್ಟಿದ್ದು. ಜುಲೈ ಬಿಸಿಲಿನಲ್ಲಿ ಅಂಥ ಗುಹೆ ಹೊಕ್ಕರೆ ಮೈ ತಣ್ಣಗಾಗುತ್ತದೆ, ಮಧ್ಯಾಹ್ನದ ಎರಡು ಗಂಟೆ ಅಲ್ಲೇ ಕಳೆಯಬಹುದು. ಮರಳ ದಿಣ್ಣೆಗಳು ಎಷ್ಟೇ ಕರೆದರೂ ಲ್ವಾರ್‌ನಲ್ಲಿ ಈಜಲು ಇಳಿಯಬೇಡಿ. ಮೇಲೆ ಶಾಂತ, ಕೆಳಗೆ ಸೆಳೆತ, ಕಾಲಡಿಯ ಮರಳು ಕುಸಿಯುತ್ತದೆ.

ಕಡಿಮೆ ಖರ್ಚಿನ ಪ್ರವಾಸಕ್ಕೆ ಲ್ವಾರ್ ಒಂದು ವಿಷಯದಲ್ಲಿ ಮೂರರಲ್ಲೂ ಮುಂದು: ಟೆಂಟು. ಊರೂರಿಗೂ ಪುರಸಭೆಯದೋ ಖಾಸಗಿಯದೋ ಕ್ಯಾಂಪಿಂಗ್ ಜಾಗವಿದೆ, ಇಬ್ಬರಿಗೆ ಸುಮಾರು 15ರಿಂದ 25 ಯೂರೊ. ರೂಮು ಬೇಕೆಂದರೆ ‘ಆಕ್ಯೋಯ್ ವೆಲೊ’ ಫಲಕವಿರುವ ಕಡೆ ಕೇಳಿ. ಸೈಕಲ್ಲಿಗೆ ಬೀಗ ಹಾಕುವ ಜಾಗ, ರಿಪೇರಿ ಸಾಮಾನು ಇಟ್ಟಿರಬೇಕು, ದಾರಿಯಿಂದ 5 ಕಿಲೋಮೀಟರಿನೊಳಗೆ ಇರಬೇಕು ಎಂಬ ಷರತ್ತಿನ ಮೇಲೆ ಕೊಡುವ ಗುರುತು ಅದು. ರೈಲು ಇಡೀ ಕಣಿವೆಯ ಗುಂಟ ಇದೆ. ಆಂಜೆ, ಸೊಮ್ಯೂರ್, ತೂರ್, ಆಂಬ್ವಾಜ್, ಬ್ಲ್ವಾ, ಎಲ್ಲಿ ಸುಸ್ತಾದರೂ ಹತ್ತಬಹುದು. ಬೇಸಿಗೆಯಲ್ಲಿ ಕೆಲವು ರೈಲುಗಳಲ್ಲಿ ಸೈಕಲ್ಲಿಗೇ ಜಾಗ ಹೆಚ್ಚಿಸುತ್ತಾರೆ.

ವಾಖಾವ್: ಮೂರು ದಿನ ಮಾತ್ರ ಇದ್ದರೆ

ಮೆಲ್ಕ್‌ನಿಂದ ಕ್ರೆಮ್ಸ್‌ಗೆ 35 ಕಿಲೋಮೀಟರ್. ವಾಖಾವ್ ಎಂದರೆ ಇಷ್ಟೇ. ಒಂದೇ ದಿನದಲ್ಲಿ ತುಳಿದು ಮುಗಿಸಬಹುದು, ಎರಡು ರಾತ್ರಿ ತಂಗಿದರೆ ಸೊಗಸು. ವಿಯೆನ್ನಾದಿಂದ ಮೆಲ್ಕ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಕೆಲಸದ ಮೇಲೆ ವಿಯೆನ್ನಾಕ್ಕೆ ಬಂದವರು ವಾರಾಂತ್ಯದಲ್ಲಿ ಹೋಗಿಬರಲು ಇದಕ್ಕಿಂತ ಒಳ್ಳೆಯದು ಇಲ್ಲ. ಹೆಚ್ಚು ದಿನ ಇರುವವರು ಜರ್ಮನಿಯ ಪಾಸಾವ್‌ನಿಂದ ವಿಯೆನ್ನಾವರೆಗೆ ಸುಮಾರು 320 ಕಿಲೋಮೀಟರನ್ನು ಏಳೆಂಟು ದಿನದಲ್ಲಿ ಮಾಡಬಹುದು. ಆದರೆ ಆ ದಾರಿಯಲ್ಲಿ ದ್ರಾಕ್ಷಿ ಮುಖ್ಯವಾಗಿ ಮೆಲ್ಕ್ ದಾಟಿದ ಮೇಲೆ. ಅದಕ್ಕೂ ಮುಂಚೆ ಕಾಡು, ಹೊಲ, ಅಣೆಕಟ್ಟು. ದ್ರಾಕ್ಷಿಗಾಗಿಯೇ ಬಂದವರಿಗೆ ಮೊದಲ ಐದು ದಿನ ಕಾಯುವುದೇ ಆಗುತ್ತದೆ.

ಮೆಲ್ಕ್‌ನಲ್ಲಿ ಬೆಳಿಗ್ಗೆ 1089ರಲ್ಲಿ ನೆಲೆಗೊಂಡ ಬೆನೆಡಿಕ್ಟೈನ್ ಮಠ ನೋಡಿ. ನಂತರ ಯಾವ ದಂಡೆ ಎಂಬ ಪ್ರಶ್ನೆ. ಬಡಗಣ ದಂಡೆಯಲ್ಲಿ ಷ್ಪಿಟ್ಸ್, ವೈಸೆನ್‌ಕಿರ್ಖೆನ್, ಡ್ಯುರ್ನ್‌ಷ್ಟೈನ್ ಊರುಗಳು, ಕಲ್ಲುಗೋಡೆಯ ಮೆಟ್ಟಿಲು ತೋಟಗಳು, ಜೊತೆಗೆ ಜನಸಂದಣಿ, ಗುಂಡುಕಲ್ಲು ಹಾಸಿದ ಓಣಿಗಳು. ತೆಂಕಣ ದಂಡೆ ನಿಶ್ಶಬ್ದ. ಎರಡರ ಲಾಭವೂ ಬೇಕಾದರೆ ಹೀಗೆ ಮಾಡಿ: ಮೆಲ್ಕ್‌ನಿಂದ ತೆಂಕಣ ದಂಡೆಯಲ್ಲೇ ಹೋಗಿ, ಆಗ್‌ಷ್ಟೈನ್ ಕೋಟೆಯನ್ನು ಕೆಳಗಿನಿಂದ ನೋಡಿ (ನದಿಯಿಂದ ಸುಮಾರು 300 ಮೀಟರ್ ಮೇಲಿದೆ, ಹತ್ತುವುದು ಕಡಿದು), ಆರ್ನ್ಸ್‌ಡೋರ್ಫ್‌ನಲ್ಲಿ ದೋಣಿ ಹತ್ತಿ ಷ್ಪಿಟ್ಸ್‌ಗೆ ದಾಟಿ, ಅಲ್ಲಿಂದ ಬಡಗಣ ದಂಡೆ. ಆ ದೋಣಿಗೆ ಎಂಜಿನ್ನಿನ ಸದ್ದಿಲ್ಲ. ನದಿಯ ಮೇಲೆ ಅಡ್ಡ ಎಳೆದ ಉಕ್ಕಿನ ಹಗ್ಗಕ್ಕೆ ತಗುಲಿಸಿದ್ದಾರೆ. ನೀರಿಗೆ ಓರೆಯಾಗಿ ತಿರುಗಿಸಿದರೆ ಹರಿವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಹರಿವನ್ನೇ ನಂಬಿರುವುದರಿಂದ ಪ್ರವಾಹ ಬಂದಾಗ ನಿಲ್ಲುತ್ತದೆ, ಸಂಜೆ ಬೇಗ ಮುಗಿಯುತ್ತದೆ, ಚಳಿಗಾಲದಲ್ಲಿ ಓಡಾಟ ಕಡಿಮೆ. ಹೊರಡುವ ದಿನವೇ ಆ ದಿನದ ಸಮಯ ನೋಡಿಕೊಳ್ಳಿ. ದೋಣಿ ತಪ್ಪಿದರೆ ಹತ್ತಿರದಲ್ಲಿ ಸೇತುವೆ ಇಲ್ಲ.

ಡ್ಯುರ್ನ್‌ಷ್ಟೈನ್ ಮೇಲಿನ ಪಾಳುಕೋಟೆಗೆ ಊರಿನಿಂದ ನಡೆದರೆ ಅರ್ಧ ಗಂಟೆಯೊಳಗೆ ತಲುಪಬಹುದು. ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1192ರಲ್ಲಿ ಸೆರೆಯಿಟ್ಟ ಜಾಗ. ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಸೈಕಲ್ ಶೂ ಹಾಕಿಕೊಂಡು ಹತ್ತಬೇಡಿ, ಬಂಡೆ ನುಣುಪಾಗಿದೆ.

ಜೊತೆಯಲ್ಲಿ ಸೈಕಲ್ ತುಳಿಯದವರು, ಅಪ್ಪ ಅಮ್ಮನೋ ಚಿಕ್ಕ ಮಗುವೋ ಇದ್ದರೆ ವಾಖಾವ್ ಬಿಟ್ಟು ಬೇರೆ ಯೋಚಿಸಬೇಡಿ. ಅವರು ಮೆಲ್ಕ್‌ನಲ್ಲಿ ಹಡಗು ಹತ್ತಿದರೆ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಕ್ರೆಮ್ಸ್, ನೀವು ತುಳಿದುಕೊಂಡು ಬಂದು ಸೇರಿಕೊಳ್ಳುತ್ತೀರಿ. ವಾಪಸು ಹಡಗಿನಲ್ಲಿ ಬೇಡ. ಹರಿವಿಗೆ ಎದುರಾಗಿ ಸುಮಾರು ಎರಡು ಪಟ್ಟು ಸಮಯ.

ಬೆಲೆ ಮಾತ್ರ ಮೂರರಲ್ಲಿ ಹೆಚ್ಚು. ಕಣಿವೆ ಚಿಕ್ಕದು, ಬರುವವರು ಬಹಳ. ಇಬ್ಬರಿಗೆ ರಾತ್ರಿಗೆ 110ರಿಂದ 160 ಯೂರೊ ಇಟ್ಟುಕೊಳ್ಳಿ. ಕ್ರೆಮ್ಸ್‌ನಲ್ಲಿ ಅಥವಾ ತೆಂಕಣ ದಂಡೆಯ ಹಳ್ಳಿಗಳಲ್ಲಿ ತಂಗಿದರೆ ಸ್ವಲ್ಪ ಇಳಿಯುತ್ತದೆ. ಏಪ್ರಿಲ್ ಹೊತ್ತಿಗೆ ಇಲ್ಲಿಯ ಜರ್ದಾಳು ಮರಗಳು ಹೂ ಬಿಡುತ್ತವೆ, ಜುಲೈಯಲ್ಲಿ ಹಣ್ಣು. ಆಲೂಗಡ್ಡೆ ಅಥವಾ ಗಿಣ್ಣಿನ ಹಿಟ್ಟಿನೊಳಗೆ ಇಡೀ ಜರ್ದಾಳು ಇಟ್ಟು ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿದ ಉಂಡೆಯನ್ನು ತಿನ್ನದೆ ಬರಬೇಡಿ.

ರೈನ್ ಯಾಕೆ ಬೇಡ

ಜರ್ಮನಿಯ ರೈನ್ ನದಿಯ ಗುಂಟ ಬಿಂಗೆನ್‌ನಿಂದ ಕೋಬ್ಲೆಂಟ್ಸ್‌ವರೆಗಿನ 65 ಕಿಲೋಮೀಟರಿನಲ್ಲಿ ಮೂರು ಕಣಿವೆಗಿಂತ ದಟ್ಟವಾಗಿ ಕೋಟೆಗಳಿವೆ. ಆದರೆ ಎರಡೂ ದಂಡೆಯಲ್ಲಿ ರೈಲು ಹಳಿ, ಗೂಡ್ಸ್ ಗಾಡಿ ರಾತ್ರಿಯಿಡೀ ಓಡುತ್ತದೆ, ನಿದ್ದೆ ಕೆಡುತ್ತದೆ. ಕೋಬ್ಲೆಂಟ್ಸ್‌ನಲ್ಲಿ ಮೋಸೆಲ್ ಮುಗಿಸಿದವರು ಮರುದಿನ ರೈಲಿನಲ್ಲಿ ಬಿಂಗೆನ್‌ಗೆ ಹೋಗಿ ತುಳಿದುಕೊಂಡು ಬಂದರೆ ಸಾಕು.

ಊಟ, ಕುಡಿತ

ಸಸ್ಯಾಹಾರಿಗಳಿಗೆ ಸುಲಭದಿಂದ ಕಷ್ಟಕ್ಕೆ ಎಣಿಸಿದರೆ ವಾಖಾವ್, ಮೋಸೆಲ್, ಲ್ವಾರ್. ವಾಖಾವ್‌ನಲ್ಲಿ ಬೆಳೆಗಾರರ ಮನೆಯಂಗಳದ ‘ಹೊಯ್ರಿಗರ್’ ಎಂಬ ವೈನ್ ಹೋಟೆಲುಗಳಲ್ಲಿ ಬ್ರೆಡ್ಡಿಗೆ ಹಚ್ಚುವ ಖಾರದ ಚೀಸ್, ಸೊಪ್ಪು, ಸಿಹಿ ಸಿಗುತ್ತವೆ. ಬಾಗಿಲ ಮೇಲೆ ಹಸಿರು ಕೊಂಬೆಯ ಗೊಂಚಲು ತೂಗುಹಾಕಿದ್ದರೆ ಅಂದು ತೆರೆದಿದೆ ಎಂದರ್ಥ. ಮೋಸೆಲ್‌ನಲ್ಲೂ ಇಂಥವೇ ಇವೆ, ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ತೆರೆಯಬಹುದು. ಅಲ್ಲಿ ಫ್ಲಾಮ್‌ಕೂಖೆನ್ (ಪಿಜ್ಜಾದಂಥ ತೆಳು ರೊಟ್ಟಿ), ಈರುಳ್ಳಿ ಕೇಕು ಎರಡರಲ್ಲೂ ಸಾಮಾನ್ಯವಾಗಿ ಹಂದಿಮಾಂಸದ ಚೂರು ಇರುತ್ತದೆ, ‘ಓನ ಷ್ಪೆಕ್’, ಅಂದರೆ ಹಂದಿಮಾಂಸ ಇಲ್ಲದ್ದು, ಎಂದು ಕೇಳಿ. ಆಲೂಗಡ್ಡೆ ದೋಸೆಯಂಥದ್ದನ್ನು ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ, ಅದು ನಿಶ್ಚಿಂತೆ. ಲ್ವಾರ್‌ನಲ್ಲಿ ಬೇಕರಿಯ ಬ್ರೆಡ್, ನಡುವೆ ಹುಲ್ಲುಕಡ್ಡಿ ಚುಚ್ಚಿದ ಉದ್ದ ಮೇಕೆ ಚೀಸ್, ಟೊಮ್ಯಾಟೊ ಕಟ್ಟಿಸಿಕೊಂಡರೆ ಮಧ್ಯಾಹ್ನ ಕಳೆಯುತ್ತದೆ. ಹಳ್ಳಿಯ ಹೋಟೆಲುಗಳಲ್ಲಿ ಮಧ್ಯಾಹ್ನ 12ರಿಂದ 2ರೊಳಗೆ ಕೂರದಿದ್ದರೆ ಸಂಜೆ 7ರವರೆಗೆ ಊಟವಿಲ್ಲ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ದಿನಸಿ ಅಂಗಡಿ ಮುಚ್ಚಿರುತ್ತವೆ. ಶನಿವಾರ ಸಂಜೆಯೇ ಹಣ್ಣು, ಬ್ರೆಡ್, ನೀರು ತುಂಬಿಕೊಳ್ಳಿ.

ವೈನ್ ಕುಡಿಯುವವರು ಕಾನೂನು ತಿಳಿದಿರಬೇಕು. ರಕ್ತದಲ್ಲಿ ಮದ್ಯದ ಮಿತಿ ಫ್ರಾನ್ಸಿನಲ್ಲಿ ಸೈಕಲ್ಲಿಗೂ ಲೀಟರಿಗೆ 0.5 ಗ್ರಾಂ, ಆಸ್ಟ್ರಿಯಾದಲ್ಲಿ ಸಾವಿರಕ್ಕೆ 0.8. ಜರ್ಮನಿಯಲ್ಲಿ 1.6 ದಾಟಿದರೆ ನೇರ ಅಪರಾಧ, ಅಂಕುಡೊಂಕಾಗಿ ಓಡಿಸಿ ಸಿಕ್ಕಿಬಿದ್ದರೆ 0.3ಕ್ಕೂ ಕೇಸು. ಹಗಲಲ್ಲಿ ಹಗುರವಾದದ್ದನ್ನು ಆರಿಸಿ: ಮೋಸೆಲ್‌ನ ‘ಕಾಬಿನೆಟ್’ ದರ್ಜೆಯ ರೀಸ್ಲಿಂಗ್ ವೈನ್ ಹಲವದರಲ್ಲಿ ಮದ್ಯಾಂಶ 8-9 ಶೇಕಡ ಅಷ್ಟೇ. ವಾಖಾವ್‌ನ ವೈನ್ ದರ್ಜೆಗಳಲ್ಲಿ ‘ಷ್ಟೈನ್‌ಫೆಡರ್’ 11.5 ದಾಟುವುದಿಲ್ಲ, ‘ಸ್ಮಾರಾಗ್ಡ್’ 12.5ಕ್ಕಿಂತ ಕಡಿಮೆ ಇರುವುದಿಲ್ಲ. ಕುಡಿಯದವರಿಗೆ ಬೆಳೆಗಾರರ ದ್ರಾಕ್ಷಿರಸ ಕಾಯುತ್ತಿರುತ್ತದೆ, ಕೇಳಲು ಸಂಕೋಚ ಬೇಡ. ಸುಗ್ಗಿಯಲ್ಲಿ ಮಾರುವ ‘ಫೆಡರ್‌ವೈಸರ್’ ಇನ್ನೂ ಹುಳಿಯುತ್ತಿರುವ ರಸ. ಗಾಳಿ ಹೊರಬರಲೆಂದು ಬಾಟಲಿಯ ಮುಚ್ಚಳ ಸಡಿಲವಾಗಿಯೇ ಇಟ್ಟಿರುತ್ತಾರೆ. ಚೀಲದಲ್ಲಿ ಮಲಗಿಸಿದರೆ ಬಟ್ಟೆಯೆಲ್ಲ ಅಂಟು, ಬಿಗಿ ಮಾಡಿದರೆ ಸಿಡಿಯುತ್ತದೆ. ಅಂಗಡಿಯ ಮುಂದೆಯೇ ಕುಡಿದು ಮುಗಿಸಿ.

ಸೈಕಲ್: ಬಾಡಿಗೆಯೋ, ಒಯ್ಯುವುದೋ

ಎರಡು ವಾರದೊಳಗಿನ ಪ್ರವಾಸಕ್ಕೆ ಬಾಡಿಗೆಯೇ ಸರಿ. ಸಾಮಾನ್ಯ ಸೈಕಲ್ಲಿಗೆ ದಿನಕ್ಕೆ ಸುಮಾರು 15ರಿಂದ 20 ಯೂರೊ, ಬ್ಯಾಟರಿ ಸೈಕಲ್ಲಿಗೆ 30ರಿಂದ 40. ನಿಮ್ಮ ಬ್ಯಾಟರಿ ಸೈಕಲ್ಲನ್ನು ಊರಿನಿಂದ ಒಯ್ಯಲು ಆಗುವುದೇ ಇಲ್ಲ. ಪ್ರಯಾಣಿಕ ವಿಮಾನದಲ್ಲಿ ಅಷ್ಟು ದೊಡ್ಡ ಲಿಥಿಯಂ ಬ್ಯಾಟರಿ ಬಿಡುವುದಿಲ್ಲ. ಸಮತಟ್ಟು ದಾರಿಗೆ ಬ್ಯಾಟರಿ ಬೇಕಿಲ್ಲ ಎನ್ನುವವರಿದ್ದಾರೆ. ಅರವತ್ತು ದಾಟಿದವರಿಗೆ, ಲ್ವಾರ್‌ನ ಗಾಳಿಗೆ, ಮಗುವಿನ ಟ್ರೇಲರ್ ಎಳೆಯುವವರಿಗೆ ಅದು ಖಂಡಿತ ಬೇಕು. ಗಂಟೆಗೆ 25 ಕಿಲೋಮೀಟರ್ ದಾಟಿದೊಡನೆ ಮೋಟರ್ ಸಹಾಯ ನಿಲ್ಲುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ.

ಅಂಗಡಿಯಲ್ಲಿ ಹತ್ತು ನಿಮಿಷ ಕೊಟ್ಟು ಸೈಕಲ್ ನೋಡಿ. ಬ್ರೇಕು ಮೊದಲು. ನಮ್ಮ ಕಡೆ ಬಲಗೈ ಲಿವರ್ ಮುಂದಿನ ಚಕ್ರಕ್ಕೆ, ಅಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂದಿನದು. ಗಾಬರಿಯಲ್ಲಿ ಎಡಗೈ ಬಿಗಿದರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತೀರಿ. ಜರ್ಮನಿಯ ಬಹಳಷ್ಟು ಬಾಡಿಗೆ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ಹಿಡಿಯುತ್ತದೆ. ಸುಮ್ಮನೆ ಹಿಂದಕ್ಕೆ ತಿರುಗಿಸುವ ಅಭ್ಯಾಸ ಇದ್ದವರು ಸಿಗ್ನಲ್ ಮಧ್ಯೆ ನಿಂತುಬಿಡುತ್ತಾರೆ. ಖಾಲಿ ಜಾಗದಲ್ಲಿ ಹತ್ತು ಸುತ್ತು ಹೊಡೆದು ಕೈಕಾಲಿಗೆ ಕಲಿಸಿ. ಸೀಟಿನ ಎತ್ತರ: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಹಿಂಭಾಗ. ಟ್ಯೂಬಿನ ವಾಲ್ವು ಯಾವುದು ನೋಡಿ. ನಮ್ಮ ಹಳೆಯ ಸೈಕಲ್ಲುಗಳ ಡನ್‌ಲಪ್ ವಾಲ್ವಿನ ದಾಯಾದಿ ಜರ್ಮನಿಯಲ್ಲಿ ಇನ್ನೂ ಇದೆ. ಫ್ರಾನ್ಸಿನಲ್ಲಿ ಸಪೂರ ಪ್ರೆಸ್ಟಾ ಹೆಚ್ಚು. ಅದರ ತುದಿಯ ಪುಟ್ಟ ತಿರುಪನ್ನು ಸಡಿಲಿಸದೆ ಪಂಪು ಹೊಡೆದರೆ ಒಂದು ಹನಿ ಗಾಳಿಯೂ ಒಳಗೆ ಹೋಗುವುದಿಲ್ಲ. ಅದೇ ಅಳತೆಯ ಒಂದು ಟ್ಯೂಬು, ಎರಡು ಟೈರ್ ಲಿವರ್, ಪಂಪು, ಪಂಕ್ಚರ್ ಪಟ್ಟಿ ಕೇಳಿ ಪಡೆದುಕೊಳ್ಳಿ.

ಸಾಮಾನು ಕ್ಯಾರಿಯರಿನ ಎರಡೂ ಬದಿಗೆ ಸಿಕ್ಕಿಸುವ ಚೀಲಗಳಲ್ಲಿ ಇರಲಿ, ಒಟ್ಟು 8-10 ಕಿಲೋ. ಬೆನ್ನಿನ ಮೇಲೆ ಚೀಲ ಹೊತ್ತು ತುಳಿದರೆ ಮಧ್ಯಾಹ್ನಕ್ಕೇ ಸೊಂಟ ಹಿಡಿಯುತ್ತದೆ. ಟೆಂಟಿಗೆ ಇನ್ನೂ 5-6 ಕಿಲೋ.

ಯಾರಿಗೆ ಯಾವುದು

ಮೊದಲ ಸಲ ಹೊರಟವರು, ಐದಾರು ದಿನ ಇರುವವರು, ಒಂದು ಹಂತದ ಖರ್ಚಿನಲ್ಲಿ ಮುಗಿಸಬೇಕಾದವರು ಮೋಸೆಲ್‌ಗೆ ಹೋಗಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ, ಅಲ್ಲಿಂದ ಕೋಬ್ಲೆಂಟ್ಸ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯ ಆಸುಪಾಸು. ಇತಿಹಾಸ, ಕಟ್ಟಡ, ತೋಟಗಳಲ್ಲಿ ಆಸಕ್ತಿ ಇದ್ದು ಎಂಟು ಹತ್ತು ದಿನ ಕೊಡಬಲ್ಲವರಿಗೆ, ಟೆಂಟು ಹೂಡಲು ಹಿಂಜರಿಯದವರಿಗೆ ಲ್ವಾರ್. ರಜೆ ಕಡಿಮೆ, ಜೇಬು ತಕ್ಕಮಟ್ಟಿಗೆ ಗಟ್ಟಿ, ಜೊತೆಗೆ ತುಳಿಯದವರೂ ಇದ್ದಾರೆ ಎಂದರೆ ವಾಖಾವ್. ಹತ್ತು ವರ್ಷದೊಳಗಿನ ಮಕ್ಕಳು ತಾವೇ ತುಳಿಯುವುದಾದರೆ ಮೋಸೆಲ್‌ನ ಟ್ರಾಬೆನ್-ಟ್ರಾರ್ಬಾಖ್‌ನಿಂದ ಕೋಖೆಮ್‌ವರೆಗಿನ ಭಾಗವನ್ನಷ್ಟೇ ಮೂರು ದಿನದಲ್ಲಿ ಮಾಡಿ. ರೈಲು ಅಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಫ್ರಾನ್ಸ್, ಆಸ್ಟ್ರಿಯಾ ಎರಡರಲ್ಲೂ 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ.

ಮೇ ಮೊದಲ ವಾರದಿಂದ ಜೂನ್ ಮಧ್ಯದವರೆಗೆ ಮೂರಕ್ಕೂ ಒಳ್ಳೆಯ ಕಾಲ. ಜುಲೈ, ಆಗಸ್ಟಿನಲ್ಲಿ ಬಿಸಿಲು 35 ಡಿಗ್ರಿ ದಾಟುವ ದಿನಗಳಿರುತ್ತವೆ, ನೆರಳಿಲ್ಲದ ಲ್ವಾರ್ ಏರಿಯ ಮೇಲೆ ಅದು ತಡೆಯಲಾಗದ್ದು.

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲಿಂದ ಅರ್ಜಿ ಹಾಕಬಹುದು. ಎರಡು ಕಣಿವೆ ಸೇರಿಸಿದರೆ ಹೆಚ್ಚು ರಾತ್ರಿ ಕಳೆಯುವ ದೇಶದ ಮೂಲಕ, ರಾತ್ರಿಗಳು ಸಮನಾದರೆ ಮೊದಲು ಕಾಲಿಡುವ ದೇಶದ ಮೂಲಕ. ವೀಸಾಕ್ಕೆ ಪ್ರತಿ ರಾತ್ರಿಯ ತಂಗುದಾಣ ತೋರಿಸಬೇಕಾಗುತ್ತದೆ, ಆದ್ದರಿಂದ ರದ್ದು ಮಾಡಬಹುದಾದ ರೂಮುಗಳನ್ನೇ ಹಿಡಿಯಿರಿ. ಹಿಡಿಯುವಾಗ ಮೊದಲು ಶನಿವಾರದ ರಾತ್ರಿಗಳು, ಆಮೇಲೆ ಉಳಿದವು. ಸೈಕಲ್ ಅಂಗಡಿಗೆ ಬರೆಯುವಾಗ ಎತ್ತರದ ಜೊತೆಗೆ ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲದವರೆಗಿನ ಅಳತೆಯನ್ನೂ ಸೆಂಟಿಮೀಟರಿನಲ್ಲಿ ಬರೆಯಿರಿ. ಗಿಡ್ಡ ಇರುವವರಿಗೆ ಸರಿಹೊಂದುವ ಚಿಕ್ಕ ಫ್ರೇಮು ಅಂಗಡಿಯಲ್ಲಿ ಒಂದೆರಡೇ ಇರುತ್ತದೆ, ಮೊದಲು ಹೇಳಿದವರಿಗೆ ಸಿಗುತ್ತದೆ.